ಎತ್ತಿಗೆ ಕಾಳು, ನಮಗೆ ಕಟ್ಟು: ಕಾವಲಿನ ಒಲೆಯ ಕಥೆ



ಯುಗಾದಿ ಪಾಟ್‌ಲಕ್‌ನಲ್ಲಿ ಸಂಪಾದಕರು "ಈ ಸಲ ನೀವೂ ಏನಾದರೂ ಬರೆದು ಕೊಡಬೇಕು" ಎಂದು ನನ್ನನ್ನು ಹಿಡಿದುಕೊಂಡಾಗ, "ಆಗಲಿ, ನೋಡೋಣ" ಎಂದು ಹೋಳಿಗೆ ತಟ್ಟೆಯ ಕಡೆ ಜಾರಿಕೊಂಡಿದ್ದೆ. ನಿಜ ಹೇಳಬೇಕೆಂದರೆ ಬರೆಯಲು ನನ್ನ ಬಳಿ ವಿಷಯವೇ ಇರಲಿಲ್ಲ. ಕೊನೆಗೆ ವಿಷಯ ಒದಗಿಸಿದವನು ಐದನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗ.

ಅವನ ಶಾಲೆಯಲ್ಲಿ ಒಂದು ಹೋಂವರ್ಕ್ ಕೊಟ್ಟಿದ್ದರು. "ನಿಮ್ಮ ಮನೆತನದಲ್ಲಿ ಹಿಂದಿನಿಂದ ಬಂದ, ಬಯಲಿನಲ್ಲಿ ಬೆಂಕಿ ಹಾಕಿ ಮಾಡುವ ಅಡಿಗೆಯೊಂದನ್ನು ಬರೆದು ತನ್ನಿ" ಎಂದು. ಅವನ ಗೆಳೆಯನೊಬ್ಬನ ಅಜ್ಜಿಯ ಮನೆಯವರು ಎಲೆನ್ಸ್‌ಬರ್ಗ್ ಕಡೆ ದನದ ರಾಂಚ್ ನಡೆಸಿದವರಂತೆ. ಆ ಹುಡುಗ ಅಜ್ಜಿಯ ಕೈಬರಹದ ಹಳದಿಯಾದ ಕಾರ್ಡುಗಳನ್ನು ತಂದು ತೋರಿಸಿದನಂತೆ. ಕೆಂಡದ ಮೇಲಿನ ಬೀನ್ಸ್, ಕಬ್ಬಿಣದ ಕಡಾಯಿಯಲ್ಲಿ ಸುಟ್ಟ ಹುಳಿಹಿಟ್ಟಿನ ಬ್ರೆಡ್ಡು, ಹೀಗೆ. ನನ್ನ ಮಗ ಮನೆಗೆ ಬಂದವನೇ ಕೇಳಿದ: "ಅಮ್ಮಾ, ನಮ್ಮ ಫ್ಯಾಮಿಲಿಯಲ್ಲಿ ಯಾರಿಗಾದರೂ ರಾಂಚ್ ಇತ್ತಾ?"

"ಇಲ್ಲಪ್ಪಾ, ನಾವು ಆ ಥರದವರಲ್ಲ" ಎಂದುಬಿಟ್ಟೆ. ನಾನು ಹಾಗೆ ಹೇಳಿದ್ದು ತಪ್ಪು ಎಂದು ಗೊತ್ತಾಗಿದ್ದು ಅದೇ ಶನಿವಾರ, ಸೌತ್ ಲೇಕ್ ಯೂನಿಯನ್‌ನಲ್ಲಿ.

ಕೆರೆ ದಂಡೆಯ ಮೇಲೆ

ಕಡೂರಿನಿಂದ ಬಂದಿರುವ ನನ್ನ ಅಮ್ಮನಿಗೆ ಊರು ತೋರಿಸುವ ನೆಪದಲ್ಲಿ ಲೇಕ್ ಯೂನಿಯನ್‌ನ ದಕ್ಷಿಣ ತುದಿಯಲ್ಲಿರುವ ಚರಿತ್ರೆಯ ಮ್ಯೂಸಿಯಂಗೆ ಹೋಗಿದ್ದೆವು. ನೌಕಾಪಡೆಯ ಹಳೆಯ ಆರ್ಮರಿ ಕಟ್ಟಡದಲ್ಲಿ 2012ರ ಕೊನೆಯಲ್ಲಿ ತೆರೆದ ಮೊಹಾಯ್ ಅದು. ನಮ್ಮ ಸದಸ್ಯರಲ್ಲಿ ಹಲವರು ಕೆಲಸ ಮಾಡುವುದು ಅದರ ಸುತ್ತಮುತ್ತಲೇ. ಊಟದ ಬಿಡುವಿನಲ್ಲಿ ಆ ದಂಡೆಯ ಮೇಲೆ ಅಡ್ಡಾಡಿದವರೂ ಇದ್ದೀರಿ. ಆದರೆ ಆ ಕೆರೆಗೆ ಹೆಸರು ಬಂದದ್ದು ಒಂದು ಪಿಕ್‌ನಿಕ್‌ನಲ್ಲಿ ಎನ್ನುವುದು ನನಗೆ ಗೊತ್ತಿರಲಿಲ್ಲ. 1854ರ ಜುಲೈ 4ರಂದು ಆಗಿನ್ನೂ ಬೆರಳೆಣಿಕೆಯಷ್ಟಿದ್ದ ಬಿಳಿಯ ನಿವಾಸಿಗಳು ಸ್ವಾತಂತ್ರ್ಯ ದಿನದ ಊಟಕ್ಕೆ ಸೇರಿದ್ದಾಗ ಥಾಮಸ್ ಮರ್ಸರ್ ಎಂಬಾತ, ಮುಂದೊಂದು ದಿನ ಈ ಕೆರೆ ಆಚೆಯ ದೊಡ್ಡ ಸರೋವರವನ್ನೂ ಸಮುದ್ರವನ್ನೂ ಕೂಡಿಸುತ್ತದೆ ಎಂದು ಹೇಳಿ ಇದಕ್ಕೆ 'ಯೂನಿಯನ್' ಎಂದು ಹೆಸರಿಟ್ಟ. ಅವನ ಮಾತು ನಿಜವಾಗಿ ಕಾಲುವೆ ತೆರೆದದ್ದು 1917ರಲ್ಲಿ.

ಆ ಪಿಕ್‌ನಿಕ್‌ಗೆ ಎಷ್ಟೋ ಮೊದಲೇ ಈ ಕೆರೆಯ ಸುತ್ತ ಡುವಾಮಿಷ್ ಜನ ಇದ್ದರು. ಅವರಲ್ಲಿ ಚೆಷಿಯಾಹುಡ್ ಎಂಬ ಹಿರಿಯ, ಊರೆಲ್ಲ ಬದಲಾದ ಮೇಲೂ, ಇದೇ ಕೆರೆಯ ಪೋರ್ಟೇಜ್ ಬೇ ಕಡೆಯಲ್ಲಿ ಬಹುಕಾಲ ವಾಸವಾಗಿದ್ದ. ಇಂದು ಕೆರೆಯ ಸುತ್ತಲಿನ ಸುಮಾರು 6 ಮೈಲಿಯ ಕಾಲುದಾರಿಗೆ ಅವನ ಹೆಸರಿದೆ. ನಾವೆಲ್ಲ ವೀಕೆಂಡ್‌ನಲ್ಲಿ ನಡೆಯುವ ದಾರಿಯೇ ಅದು.

ಇದನ್ನೆಲ್ಲ ನೋಡಿಕೊಂಡು ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾಗ ಮಗ ತನ್ನ ಪ್ರಶ್ನೆಯನ್ನು ಅಜ್ಜಿಗೂ ಕೇಳಿದ.

"ರಾಂಚ್ ಅಂದ್ರೇನು ಮಗಾ?" ಎಂದರು ಅಮ್ಮ.

"ತುಂಬಾ ದೊಡ್ಡ ಜಾಗ ಅಜ್ಜಿ. ದನ ಮೇಯಿಸೋದಕ್ಕೆ."

"ಹಂಗಾದ್ರೆ ಇತ್ತಲ್ಲ! ನಮ್ಮದಲ್ಲ ಅಷ್ಟೆ, ಸರ್ಕಾರದ್ದು. ನಮ್ಮಪ್ಪ ಅದರಲ್ಲೇ ದನ ಕಾಯ್ತಿದ್ದದ್ದು. ನಮ್ಮವ್ವ ಅಲ್ಲೇ ಒಲೆ ಹೂಡ್ತಿದ್ದಳು."

ನನ್ನ ಅಜ್ಜ 'ಕಾವಲಿನಲ್ಲಿ ಇದ್ದರು' ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ. ಎಲ್ಲೋ ಕಾವಲುಗಾರನ ನೌಕರಿ ಇರಬೇಕು ಎಂದುಕೊಂಡಿದ್ದೆ. ಆ 'ಕಾವಲು' ಎಂಬ ಪದದ ಹಿಂದೆ ಮುನ್ನೂರು ವರ್ಷಕ್ಕೂ ಮೀರಿದ ಚರಿತ್ರೆ ಇದೆ ಎಂಬುದು ಆಮೇಲೆ ಓದಿದಾಗ ತಿಳಿಯಿತು. ಅದನ್ನೇ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಬೆಣ್ಣೆ ಚಾವಡಿಯಿಂದ ಅಮೃತ್ ಮಹಲ್‌ವರೆಗೆ

ಕಾವಲು ಎಂದರೆ ದನ ಮೇಯಲೆಂದೇ ಕಾಯ್ದಿರಿಸಿದ ಹುಲ್ಲುಗಾವಲು. ಹಳೆಯ ಮೈಸೂರು ಸೀಮೆಯ ಚಿಕ್ಕಮಗಳೂರು, ಹಾಸನ, ತುಮಕೂರು, ಚಿತ್ರದುರ್ಗ ಕಡೆಗಳಲ್ಲಿ ಇಂಥ ಕಾವಲುಗಳು ಹರಡಿಕೊಂಡಿದ್ದವು. ವಿಜಯನಗರದ ಕಾಲದಲ್ಲೇ ಶ್ರೀರಂಗಪಟ್ಟಣದ ಅಧಿಕಾರಿಗಳ ಬಳಿ ದನದ ಹಿಂಡುಗಳಿದ್ದವು. ಅವು ಮೈಸೂರು ಒಡೆಯರ ಕೈಗೆ ಬಂದವು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಇದೊಂದು ಇಲಾಖೆಯೇ ಆಯಿತು. ಅದರ ಹೆಸರು 'ಬೆಣ್ಣೆ ಚಾವಡಿ'. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಹೆಸರಿಗೆ ತಕ್ಕ ಕೆಲಸವಾದರೂ ದನಗಳ ನಿಜವಾದ ಬೆಲೆ ಇದ್ದದ್ದು ಅವುಗಳ ಹೆಗಲಿನಲ್ಲಿ.

ಹೈದರ್ ಅಲಿ ಪಾಳೆಯಗಾರರ ಹಿಂಡುಗಳನ್ನೂ ಸೇರಿಸಿ ಈ ಸಂಪತ್ತನ್ನು ಬೆಳೆಸಿದ. ಯುದ್ಧದಲ್ಲಿ ಫಿರಂಗಿ ಎಳೆಯಲು, ಸಾಮಾನು ಹೊರಲು ಈ ಎತ್ತುಗಳೇ ಆಧಾರ. ಚಿದಂಬರಂ ಉಳಿಸಿಕೊಳ್ಳಲು ಹೈದರನ ಸೈನ್ಯ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿತು, ಸೋತಾಗಲೂ ಶತ್ರುವಿನ ಕಣ್ಣೆದುರೇ ಫಿರಂಗಿಗಳನ್ನು ಎಳೆದುಕೊಂಡು ಪಾರಾಗುತ್ತಿತ್ತು ಎಂದು ಬ್ರಿಟಿಷರ ಗೆಜೆಟಿಯರುಗಳೇ ಬರೆದಿವೆ. ಟಿಪ್ಪು ಸುಲ್ತಾನ್ ಇಲಾಖೆಯ ಹೆಸರನ್ನು 'ಅಮೃತ್ ಮಹಲ್' ಎಂದು ಬದಲಾಯಿಸಿ, ದನಗಳ ಪಾಲನೆ ಹೇಗಿರಬೇಕೆಂದು ಹುಕುಂನಾಮೆಯನ್ನೇ ಹೊರಡಿಸಿದ. ಆತ ಸತ್ತ ಮೇಲೂ ಎಷ್ಟೋ ವರ್ಷ ಆ ನಿಯಮಗಳೇ ನಡೆದವು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ಹಿಂಡುಗಳು ಸೊರಗಿದವು. 1813ರಲ್ಲಿ ಬ್ರಿಟಿಷರು ಅವನ್ನು ಮತ್ತೆ ತಮ್ಮ ಅಧಿಕಾರಿಯ ಕೈಗೆ ಕೊಟ್ಟು ಚೇತರಿಸಿಕೊಳ್ಳುವಂತೆ ಮಾಡಿದರು. 1860ರಲ್ಲಿ ಮದರಾಸಿನ ಗವರ್ನರ್ ಟ್ರೆವೆಲ್ಯನ್, ಖರ್ಚು ಉಳಿಸಬೇಕೆಂದು ಹಿಂಡನ್ನೇ ಮಾರಿಸಿಬಿಟ್ಟರು! ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದೆ ತಪ್ಪು ಅರಿವಾಗಿ 1866ರಲ್ಲಿ ಇಲಾಖೆಯನ್ನು ಪುನಃ ಕಟ್ಟಬೇಕಾಯಿತು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿದ ಮೇಲೆ ಹಿಂಡೂ ಮೈಸೂರು ಸರ್ಕಾರದ ಪಾಲಿಗೆ ಬಂತು. ಅಜ್ಜಂಪುರದ ತಳಿ ಕೇಂದ್ರ ಇಂದಿಗೂ ಇದೆ. ಬೀರೂರಿನಲ್ಲಿ ಅಮೃತ್ ಮಹಲ್ ಹೋರಿಕರುಗಳ ಹರಾಜಿಗೆ ರೈತರು ದೂರದೂರದಿಂದ ಬರುತ್ತಾರೆ.

ಇಲ್ಲೊಂದು ಸ್ವಾರಸ್ಯ ಕೇಳಿ. ನಮ್ಮ ಕಡೆ ಅಮೃತ್ ಮಹಲ್ ಮತ್ತೆ ಹುಟ್ಟಿದ ಅದೇ 1866ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಚಾರ್ಲ್ಸ್ ಗುಡ್‌ನೈಟ್ ಎಂಬ ದನದ ವ್ಯಾಪಾರಿ, ಸೈನ್ಯದ ಹಳೆಯ ಗಾಡಿಯೊಂದನ್ನು ಅಡಿಗೆಮನೆಯಾಗಿ ಮಾರ್ಪಡಿಸಿದ. ಅದೇ 'ಚಕ್ ವ್ಯಾಗನ್'. ಹಿಂಡಿನ ಜೊತೆ ತಿಂಗಳುಗಟ್ಟಲೆ ನಡೆಯುವ ದನಗಾಹಿಗಳಿಗೆ ಬೀನ್ಸು, ಕಾಫಿ, ಹುಳಿಹಿಟ್ಟಿನ ಬ್ರೆಡ್ಡು ಒದಗಿಸುವ ಗಾಡಿ. ನಮ್ಮ ವಾಷಿಂಗ್ಟನ್ ರಾಜ್ಯದಲ್ಲೂ 1860ರ ದಶಕದ ಕೊನೆಯಿಂದ ಯಾಕಿಮಾ, ಕಿಟಿಟಾಸ್ ಕಣಿವೆಗಳ ದನಗಳನ್ನು ಸ್ನೋಕ್ವಾಲ್ಮಿ ಕಣಿವೆ ದಾಟಿಸಿ ಸಿಯಾಟಲ್‌ಗೆ ಹೊಡೆದು ತರುತ್ತಿದ್ದರು. ನಾವು ಸ್ಕೀಯಿಂಗ್‌ಗೆ ಹೋಗುವ ಘಾಟಿ ಅದೇ! ನನ್ನ ಮಗನ ಗೆಳೆಯನ ಅಜ್ಜಿಯ ಕಾರ್ಡುಗಳು ಈ ಪರಂಪರೆಯವು.

ಹಾಗಾದರೆ ನಮ್ಮ ಕಾವಲಿನ ಕಾರ್ಡುಗಳು ಎಲ್ಲಿ? ಸರ್ಕಾರದ ದಫ್ತರದಲ್ಲಿ ಹಸುವಿಗೆ, ಹೋರಿಗೆ, ಕರುವಿಗೆ, ಪ್ರತಿಯೊಂದು ತಲೆಗೂ ಲೆಕ್ಕ ಇದೆ. ಬೇಸಿಗೆ ಕಾವಲು ಯಾವುದು, ಮಳೆಗಾಲದ್ದು ಯಾವುದು, ಚಳಿಗಾಲದ್ದು ಯಾವುದು ಎಂಬ ವಿಂಗಡಣೆ ಇದೆ. ದನ ಕಾಯುವವರಿಗೆ ಬೇಯಿಸಿ ಹಾಕಿದ ಹೆಂಗಸರ ಲೆಕ್ಕ ಮಾತ್ರ ನಾನು ಓದಿದ ಯಾವ ಪುಟದಲ್ಲೂ ಕಾಣಲಿಲ್ಲ. ಅವರ ದಫ್ತರ ಎಂದರೆ ಅವರ ಅಡಿಗೆಯೇ. ಅದನ್ನು ಓದಲು ಅಮ್ಮನ ಸಹಾಯ ಬೇಕಾಯಿತು.

ಒಂದೇ ಮಡಕೆ, ಎರಡು ಊಟ

ನಮ್ಮ ಮನೆಯಲ್ಲಿ ಹುರುಳಿ ಕಟ್ಟಿನ ಸಾರು ಎಂದರೆ ಹಬ್ಬ. ಅದನ್ನು 'ಅಜ್ಜಿ ಸಾರು' ಎಂದೇ ಕರೆಯುತ್ತೇವೆ. ಅದಕ್ಕೆ ಎರಡು ಕಟ್ಟುನಿಟ್ಟಿನ ನಿಯಮ. ಒಂದು, ಹುರುಳಿ ಬೇಯುವಾಗ ಉಪ್ಪು, ಖಾರ, ಅರಿಸಿನ ಏನೂ ಹಾಕಕೂಡದು. ಎರಡು, ಬೆಂದ ಕಾಳನ್ನು ಪೂರ್ತಿ ಬಸಿದು ತೆಗೆಯಬೇಕು, ಸಾರಿಗೆ ಒಂದು ಕಾಳೂ ಬೀಳಬಾರದು. ನಾನು ಇಪ್ಪತ್ತು ವರ್ಷ ಹೀಗೇ ಮಾಡಿದ್ದೇನೆ. ಯಾಕೆ ಎಂದು ಕೇಳಿದರೆ "ಹಾಗೆ ಮಾಡಿದರೇ ರುಚಿ" ಎನ್ನುತ್ತಿದ್ದೆ.

ಹೋಂವರ್ಕ್‌ಗಾಗಿ ಬರೆದುಕೊಳ್ಳಲು ಕುಳಿತಾಗ ಮಗ ಕೇಳಿದ: "ಆ ಹುಡುಗನ ಅಜ್ಜಿ ಬೀನ್ಸ್ ತಿಂತಾರೆ. ನಾವು ಯಾಕೆ ಬೀನ್ಸ್ ತೆಗೆದು ನೀರು ಮಾತ್ರ ಕುಡೀತೀವಿ?"

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಕಾಳು ಎತ್ತಿಂದು ಮಗಾ."

ವಿಷಯ ಹೀಗೆ. ಸರ್ಕಾರದ ಹಿಂಡು ಕಾವಲಿನ ಹುಲ್ಲು ಮೇಯ್ದುಕೊಂಡೇ ಬದುಕುತ್ತಿತ್ತು. ಆದರೆ ನೊಗಕ್ಕೆ ಹೂಡಿ ದುಡಿಸುವ ಎತ್ತಿಗೆ ಹುಲ್ಲು ಸಾಲದು, ಹುರುಳಿ ಬೇಕು. ಅಜ್ಜನಿಗೆ ಗಾಡಿ ಹೊಡೆಯಲು ಒಂದು ಜೊತೆ ಎತ್ತು ಸ್ವಂತದ್ದಿದ್ದವು. ಅವುಗಳಿಗಾಗಿ ಅಜ್ಜಿ ಸಂಜೆ ಮೂರು ಕಲ್ಲಿನ ಒಲೆ ಹೂಡಿ, ಬಯಲಿನಲ್ಲಿ ಒಣಗಿ ಬಿದ್ದ ಕುರುಳು ಆರಿಸಿ ತಂದು, ಹುರುಳಿ ಬೇಯಿಸುತ್ತಿದ್ದರು. ಎತ್ತಿಗೆ ಇಡುವ ಕಾಳಿಗೆ ಖಾರ ಹಾಕುವುದುಂಟೇ? ಬೆಂದ ಕಾಳು ಬೂಸದ ಜೊತೆ ಎತ್ತಿನ ಮುಂದೆ ಹೋಗುತ್ತಿತ್ತು. ಬಸಿದ ಕಟ್ಟು ಮನೆಯವರ ಸಾರಾಗುತ್ತಿತ್ತು. ಒಂದೇ ಮಡಕೆ, ಒಂದೇ ಬೆಂಕಿ, ಎರಡು ಊಟ. ಇಪ್ಪತ್ತು ವರ್ಷದಿಂದ ನಾನು ರುಚಿ ಎಂದುಕೊಂಡಿದ್ದ ನಿಯಮದ ಹಿಂದೆ ನಿಂತಿದ್ದದ್ದು ಒಂದು ಜೊತೆ ಎತ್ತು!

ಮಾಡುವ ಕ್ರಮ: ಎರಡು ಕಪ್ ಹುರುಳಿಯನ್ನು ಕಲ್ಲು ಆರಿಸಿ, ತೊಳೆದು, ರಾತ್ರಿ ನೆನೆಹಾಕಿ. ಬೆಳಿಗ್ಗೆ ಎಂಟು ಕಪ್ ನೀರಿನಲ್ಲಿ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ. ಬಯಲ ಬೆಂಕಿಯಲ್ಲಿ ಒಂದೂವರೆ ಎರಡು ಗಂಟೆ ಬೇಕು, ನೀರು ಇಂಗಿದರೆ ಬಿಸಿನೀರನ್ನೇ ಸೇರಿಸಿ. ಕಾಳು ಬಾಯಿ ಬಿಟ್ಟಾಗ ಬಸಿಯಿರಿ. ಒಂದು ದೊಡ್ಡ ಈರುಳ್ಳಿಯನ್ನು ಸಿಪ್ಪೆ ಸಮೇತ ಕೆಂಡದಲ್ಲಿ ಹೂತು ಸುಡಿ. ಏಳೆಂಟು ಎಸಳು ಬೆಳ್ಳುಳ್ಳಿ, ಐದಾರು ಒಣಮೆಣಸಿನಕಾಯಿ, ಒಂದು ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು, ಕೆಂಡದಲ್ಲಿ ಬಾಡಿಸಿದ ಎರಡು ಬೆರಳಗಲದ ಕೊಬ್ಬರಿ ಚೂರು, ಗೋಲಿಯಷ್ಟು ಹುಣಸೆಹಣ್ಣು, ಇವುಗಳ ಜೊತೆ ಸುಟ್ಟ ಈರುಳ್ಳಿಯನ್ನು ತರಿತರಿಯಾಗಿ ಅರೆದು ಕಟ್ಟಿಗೆ ಕದಡಿ, ಉಪ್ಪು ಹಾಕಿ ಕುದಿಸಿ. ಸೌಟನ್ನೇ ಕೆಂಡದ ಮೇಲಿಟ್ಟು ಎಣ್ಣೆ, ಸಾಸಿವೆ, ಕರಿಬೇವಿನ ಒಗ್ಗರಣೆ ಕೊಡಿ. ರಾಗಿಮುದ್ದೆಗೆ ಇದಕ್ಕಿಂತ ಒಳ್ಳೆಯ ಜೊತೆ ನನಗೆ ಗೊತ್ತಿಲ್ಲ. ಎತ್ತು ಸಾಕದಿರುವ ಬೆಲ್‌ವ್ಯೂ, ರೆಡ್ಮಂಡ್ ವಾಸಿಗಳು ಉಳಿದ ಕಾಳಿನಿಂದ ಉಸ್ಲಿ ಮಾಡಿಕೊಳ್ಳಬಹುದು.

ಮೊದಲು ಕರು

ಅಜ್ಜಿಯ ಇನ್ನೊಂದು ಅಡಿಗೆ ಗಿಣ್ಣು. ಹಸು ಈದಾಗ ಬರುವ ಮೊದಲ ಹಾಲನ್ನು ಕಾಯಿಸಿದರೆ ಅದು ಹಾಲಾಗಿ ಉಳಿಯದೆ ಗಟ್ಟಿಯಾಗುತ್ತದೆ ಎಂದು ನಮ್ಮ ಹಳ್ಳಿ ಕಡೆಯವರಿಗೆಲ್ಲ ಗೊತ್ತು. ಅಮೃತ್ ಮಹಲ್ ಹಸುಗಳು ಹಾಲಿಗೆ ಹೆಸರಾದವಲ್ಲ. ಬಯಲಲ್ಲೇ ಬೆಳೆದ ಅವು ಹೊಸಬರನ್ನು ಹತ್ತಿರಕ್ಕೂ ಬಿಡುವುದಿಲ್ಲ, ಇರುವ ಹಾಲೂ ಕರುವಿಗೇ. ಆದ್ದರಿಂದ ಅಜ್ಜಿ ಗಿಣ್ಣು ಮಾಡುತ್ತಿದ್ದದ್ದು ಮನೆಯ ನಾಟಿ ಹಸು ಈದಾಗ ಮಾತ್ರ. ಆಗಲೂ ಈದ ದಿನದ ಹಾಲು ಮುಟ್ಟುವಂತಿಲ್ಲ. ಕರು ಹೊಟ್ಟೆ ತುಂಬ ಕುಡಿದು, ಕುಣಿದು, ಮತ್ತೆ ಕುಡಿದ ಮೇಲೆ ಮಾರನೆಯ ದಿನ ಉಳಿದದ್ದು ಮನೆಗೆ. ಆ ಮೊದಲ ಹಾಲೇ ಕರುವಿಗೆ ರೋಗ ತಡೆಯುವ ಶಕ್ತಿ ಕೊಡುತ್ತದೆ, ಹುಟ್ಟಿದ ಕೆಲವೇ ಗಂಟೆಗಳಲ್ಲಿ ಕುಡಿಸಬೇಕು ಎಂದು ಇಂದಿನ ಪಶುವೈದ್ಯರೂ ಹೇಳುತ್ತಾರೆ. ಅಜ್ಜಿ ಯಾವ ವೈದ್ಯರನ್ನೂ ಕೇಳಿರಲಿಲ್ಲ.

ಒಂದು ಲೋಟ ಗಿಣ್ಣು ಹಾಲಿಗೆ ಒಂದರಿಂದ ಎರಡು ಲೋಟ ಮಾಮೂಲಿ ಹಾಲು ಬೆರೆಸಿ (ಮೊದಲ ದಿನದ್ದಾದರೆ ಎರಡು, ಆಮೇಲಿನದಾದರೆ ಒಂದು), ಮುಕ್ಕಾಲು ಲೋಟ ಪುಡಿಬೆಲ್ಲ ಕರಗಿಸಿ ಸೋಸಿ, ಏಲಕ್ಕಿ ಹಾಕಿ, ಇಡ್ಲಿಯಂತೆ ಹಬೆಯಲ್ಲಿ ಬೇಯಿಸಿದರೆ ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಅಜ್ಜಿಯ ಕ್ರಮದಲ್ಲಿ ಇಡ್ಲಿ ಪಾತ್ರೆ ಇಲ್ಲ. ನೀರು ಕುದಿಯುವ ದೊಡ್ಡ ಮಡಕೆಯೊಳಗೆ ಸಣ್ಣ ಪಾತ್ರೆ ಇಟ್ಟು ಮುಚ್ಚಳದ ಮೇಲೆ ನಾಲ್ಕು ಕೆಂಡ ಹರಡುತ್ತಿದ್ದರಂತೆ. ಚಕ್ ವ್ಯಾಗನ್‌ನ ಅಡಿಗೆಯವರೂ ತಮ್ಮ ಕಬ್ಬಿಣದ ಕಡಾಯಿಯ ಮುಚ್ಚಳದ ಮೇಲೆ ಹೀಗೇ ಕೆಂಡ ಹಾಕುತ್ತಿದ್ದರು. ಮರವಿಲ್ಲದ ಬಯಲಿನಲ್ಲಿ ಅವರು ಉರಿಸುತ್ತಿದ್ದದ್ದೂ ಒಣ ಸಗಣಿಯನ್ನೇ. ಸಾವಿರಾರು ಮೈಲಿ ದೂರದ ಇಬ್ಬರಿಗೂ ಬಯಲು ಒಂದೇ ಪಾಠ ಕಲಿಸಿತ್ತು ಅನ್ನಬಹುದು.

ನಡೆಯುವಾಗ ಒಲೆ ಇಲ್ಲ

ಮಳೆಗಾಲದ ಕಾವಲಿನಲ್ಲಿ ಹುಲ್ಲು ಮುಗಿದಾಗ ಹಿಂಡು ಮುಂದಿನ ಕಾವಲಿಗೆ ಹೊರಡಬೇಕು. ಬೇಸಿಗೆ ಕಾವಲುಗಳಿಗೆ ಬೆಲೆ ಹೆಚ್ಚು, ಯಾಕೆಂದರೆ ಅಲ್ಲಿ ನೆರಳಿಗೆ ಮರ ಇರುತ್ತಿತ್ತು, ಕುಡಿಯಲು ನೀರಿರುತ್ತಿತ್ತು, ಕೆರೆಯಂಗಳದಲ್ಲಿ ಹಸಿರು ಗರಿಕೆ ಸಿಗುತ್ತಿತ್ತು. ದಾರಿಯಲ್ಲಿ ಹಿಂಡು ನಿಂತಾಗ ನಿಲ್ಲಬೇಕು, ನಡೆದಾಗ ನಡೆಯಬೇಕು. ಒಲೆ ಹೂಡಿ ಕೂರಲು ಪುರುಸೊತ್ತೆಲ್ಲಿ? ಅದಕ್ಕೇ ಹುರಿಹಿಟ್ಟು.

ರಾಗಿಯನ್ನು ನೆನೆಸಿ, ನೀರು ಬಸಿದು, ನೆರಳಲ್ಲಿ ಆರಲು ಬಿಡಬೇಕು. ಇನ್ನೂ ಸ್ವಲ್ಪ ಪಸೆ ಇರುವಾಗಲೇ ಕಾದ ಮರಳಿನಲ್ಲಿ ಹುರಿದರೆ ಮಲ್ಲಿಗೆಯ ಮೊಗ್ಗಿನಂತೆ ಅರಳುತ್ತದೆ. ಮರಳು ಜರಡಿ ಹಿಡಿದು, ಬೀಸಿದರೆ ಘಮಘಮಿಸುವ ಹಿಟ್ಟು ಸಿದ್ಧ. ಅದನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿಕೊಂಡರೆ ವಾರಗಟ್ಟಲೆ ಕೆಡುವುದಿಲ್ಲ. ಮಜ್ಜಿಗೆ, ಉಪ್ಪು, ಹಸಿ ಈರುಳ್ಳಿ ಸೇರಿಸಿ ಕಲಸಿದರೆ ಊಟ, ಬೆಲ್ಲ ಹಾಲು ಸೇರಿಸಿದರೆ ಸಿಹಿ. ಮಜ್ಜಿಗೆಗೆ ಬೇಕಾದ ಹೆಪ್ಪನ್ನು ಅಜ್ಜಿ ಪುಟ್ಟ ಕುಡಿಕೆಯಲ್ಲಿಟ್ಟು ಮಡಿಲಲ್ಲೇ ಇಟ್ಟುಕೊಂಡು ಗಾಡಿಯಲ್ಲಿ ಕೂರುತ್ತಿದ್ದರಂತೆ. ಚಕ್ ವ್ಯಾಗನ್‌ನ ಅಡಿಗೆಯವನೂ ಬ್ರೆಡ್ಡಿನ ಹುಳಿಹಿಟ್ಟು ಚಳಿಗೆ ಸಾಯದಿರಲೆಂದು ಹಾಸಿಗೆಯೊಳಗೇ ಇಟ್ಟುಕೊಂಡು ಮಲಗುತ್ತಿದ್ದನೆಂದು ಹೇಳುತ್ತಾರೆ. ಈ ದೇಶಕ್ಕೆ ಬರುವಾಗ ಸೂಟ್‌ಕೇಸಿನಲ್ಲಿ ಹೆಪ್ಪು ತಂದವರು ನಮ್ಮ ಸಂಘದಲ್ಲೂ ಇದ್ದಾರಲ್ಲವೇ? ಹೆಸರು ಹೇಳುವುದಿಲ್ಲ!

ಇವಲ್ಲದೆ ದಾರಿಯಲ್ಲಿ ಸಿಕ್ಕಿದ್ದು: ಅಣ್ಣೆ ಸೊಪ್ಪು, ಗೋಣಿ ಸೊಪ್ಪು ಕಿತ್ತು ಬೆರಕೆ ಸೊಪ್ಪಿನ ಉಪ್ಪುಸಾರು, ಬೇಲಿಯ ಕಾರೆಹಣ್ಣು, ಎಲಚಿಹಣ್ಣು. ಯಾರೋ ರೈತರು ಕೊಟ್ಟ ಬದನೆಕಾಯಿ ಇದ್ದರೆ ಕೆಂಡದಲ್ಲಿ ಸುಟ್ಟು, ಸಿಪ್ಪೆ ಸುಲಿದು, ಸುಟ್ಟ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ ರಸದೊಂದಿಗೆ ಕಿವುಚಿದ ಗೊಜ್ಜು. ಇದಕ್ಕೆ ಅಳತೆ ಕೇಳಿದರೆ ಅಮ್ಮ ನಗುತ್ತಾರೆ. "ಇದ್ದಷ್ಟು" ಎಂಬುದೇ ಅಳತೆ.

"ಇದನ್ನೆಲ್ಲ ಬರೀತೀಯಾ?"

ಇಷ್ಟನ್ನು ಬರೆದು ಅಮ್ಮನಿಗೆ ಓದಿ ಹೇಳಿದೆ. ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಸಣ್ಣದಾಯಿತು. "ಇದನ್ನೆಲ್ಲ ಬರೀತೀಯಾ? ಎತ್ತಿಗೆ ಬೇಯಿಸಿದ ನೀರು ಕುಡಿದು ಬೆಳೆದೋರು ಅಂತ ನಿಮ್ಮ ಸಂಘದೋರೆಲ್ಲ ಓದಬೇಕಾ?" ಎಂದರು.

ನನಗೆ ಉತ್ತರ ತೋಚಲಿಲ್ಲ. ಈ ಸಾರಿನ ಮೂಲ ನಮಗೆ ಯಾಕೆ ಗೊತ್ತಿರಲಿಲ್ಲ ಎನ್ನುವುದು ಆಗ ಅರ್ಥವಾಯಿತು. ಮರೆತದ್ದಲ್ಲ, ಅಮ್ಮ ಬೇಕೆಂದೇ ಹೇಳಿರಲಿಲ್ಲ. ಓದಿಸಿ, ನೌಕರಿ ಕೊಡಿಸಿ, ವಿಮಾನ ಹತ್ತಿಸಿದ ಮಗಳ ಬೆನ್ನಿಗೆ ಒಣಗಿದ ಕುರುಳಿನ ಹೊಗೆ ಅಂಟಬಾರದು ಎಂದು ಸಾರನ್ನು ಕೊಟ್ಟು ಅದರ ಕಥೆಯನ್ನು ತಾವೇ ಇಟ್ಟುಕೊಂಡರು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಹೀಗೆ ಆಗಿಲ್ಲ ಹೇಳಿ? ರುಚಿ ಕಡಲು ದಾಟಿ ಬರುತ್ತದೆ, ಕಾರಣ ಊರಲ್ಲೇ ಉಳಿಯುತ್ತದೆ.

ಎರಡು ದಿನ ನಾನು ಆ ಮಾತು ಎತ್ತಲಿಲ್ಲ. ಮೂರನೆಯ ದಿನ ಕಾಫಿ ಕುಡಿಯುತ್ತಾ ಅಮ್ಮನೇ ಹೇಳಿದರು: "ಬರಿ. ಆದ್ರೆ ನಮ್ಮವ್ವನ ಮಾತೂ ಬರಿ. 'ಬಸವಣ್ಣ ಮೊದ್ಲು ಉಣ್ಲಿ ಕಣೇ ಮಗಾ, ಅವನು ಎದ್ರೆ ನಾವು ಎದ್ದಂಗೆ' ಅಂತಿದ್ದಳು. ಇಲ್ಲದ್ದಕ್ಕೆ ಕಟ್ಟು ಕುಡಿದದ್ದು ಸುಳ್ಳಲ್ಲ. ಆದ್ರೆ ಇದ್ದಾಗ್ಲೂ ಕಾಳು ಎತ್ತಿಗೇ ಇಡ್ತಿದ್ದಳು. ಅದನ್ನೂ ಬರಿ."

ಬರೆದಿದ್ದೇನೆ. ಬಡತನವೂ ನಿಜ, ಆ ಕ್ರಮವೂ ನಿಜ. ಕಾಳು ಎತ್ತಿಗೆ, ಗಿಣ್ಣು ಮೊದಲು ಕರುವಿಗೆ, ಹಿಂಡು ನಡೆದರೆ ಒಲೆ ಇಲ್ಲ. ಅಜ್ಜಿಯ ಮೂರೂ ಅಡಿಗೆಗಳಲ್ಲಿ ದನ ಮೊದಲು, ಮನುಷ್ಯ ಆಮೇಲೆ. ಸರ್ಕಾರದ ದಫ್ತರದಲ್ಲೂ ದನವೇ ಮೊದಲು. ವ್ಯತ್ಯಾಸ ಇಷ್ಟೇ: ಅಜ್ಜಿಯ ಮಡಕೆಯಲ್ಲಿ ದನದ ನಂತರ ಮನುಷ್ಯರಿಗೂ ಪಾಲಿತ್ತು.

ಕಾವಲು ಈಗ

ಮಗ ಸಹಜವಾಗಿಯೇ "ಆ ಜಾಗ ನೋಡಬಹುದಾ?" ಎಂದು ಕೇಳಿದ. ಒಂದು ಕಾಲದಲ್ಲಿ ಅಮೃತ್ ಮಹಲ್ ಕಾವಲುಗಳು ನಾಲ್ಕು ಲಕ್ಷ ಎಕರೆಗೂ ಹೆಚ್ಚಿದ್ದವು. ಇಂದು ಅದರ ಕಾಲು ಭಾಗವೂ ಉಳಿದಿಲ್ಲ. ಸ್ವಾತಂತ್ರ್ಯದ ನಂತರ ಬೇಸಾಯಕ್ಕೆ, ಊರುಗಳಿಗೆ, ನೆಡುತೋಪುಗಳಿಗೆ ಹಂಚಿಹೋದದ್ದೇ ಹೆಚ್ಚು. ಉಳುವವನಿಗೆ ಭೂಮಿ ಸಿಕ್ಕಿದ್ದನ್ನು ತಪ್ಪು ಎನ್ನಲಾಗದು. ಟ್ರ್ಯಾಕ್ಟರು ಬಂದ ಮೇಲೆ ಎತ್ತಿನ ಹೆಗಲಿಗೂ ಬೆಲೆ ಇಳಿಯಿತು.

2010ರ ಆಸುಪಾಸಿನಲ್ಲಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಸುಮಾರು ಹತ್ತು ಸಾವಿರ ಎಕರೆ ಕಾವಲು ಭೂಮಿಯನ್ನು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೆ ಕೊಡಲಾಯಿತು. ಅದರಲ್ಲಿ 1,500 ಎಕರೆ ಭಾರತೀಯ ವಿಜ್ಞಾನ ಸಂಸ್ಥೆಯದು. ಕುರಿ ದನ ಮೇಯಿಸುತ್ತಿದ್ದ ಸುತ್ತಲಿನ ಹಳ್ಳಿಗಳವರು ತಕರಾರು ಎತ್ತಿದರು, ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಗಿ 2014ರಲ್ಲಿ ತೀರ್ಪು ಬಂತು. ಇನ್ನೊಂದು ಕಡೆ, ಕಡೂರಿನ ಹತ್ತಿರದ ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗಗಳ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದರಿಂದ ಒಂದಿಷ್ಟು ಹುಲ್ಲು ಹುಲ್ಲಾಗಿಯೇ ಉಳಿದಿದೆ.

ನಾವು ವಿಜ್ಞಾನ, ತಂತ್ರಜ್ಞಾನದಿಂದಲೇ ಅನ್ನ ಉಣ್ಣುವವರು. ಸಂಶೋಧನೆ ಬೇಡ ಎನ್ನುವ ಬಾಯಿ ನನಗಿಲ್ಲ. ಗಾಜಿನ ಕಟ್ಟಡಗಳು ಎದ್ದಿರುವ ಸೌತ್ ಲೇಕ್ ಯೂನಿಯನ್‌ನಲ್ಲಿ ಕೂಡ 1880ರ ದಶಕದಲ್ಲಿ ಮರ ಕೊಯ್ಯುವ ಮಿಲ್ಲು ಇತ್ತು, ಅದಕ್ಕೂ ಮೊದಲು ಡುವಾಮಿಷ್ ಜನರ ಒಲೆಗಳಿದ್ದವು. ನೆಲ ಕೈ ಬದಲಾಯಿಸುತ್ತಲೇ ಇರುತ್ತದೆ. ಆದರೆ ಹಿಂದೆ ಅಲ್ಲಿ ಯಾರು ಒಲೆ ಹೂಡಿದ್ದರು ಎಂಬುದನ್ನು ಯಾರಾದರೂ ಬರೆದಿಡಬೇಕಲ್ಲ? ಚೆಷಿಯಾಹುಡ್‌ನ ಹೆಸರು ದಾರಿಗಾದರೂ ಉಳಿಯಿತು. ನನ್ನ ಅಜ್ಜಿಯಂಥವರಿಗೆ ಅದೂ ಇಲ್ಲ.

ಗೋಲ್ಡನ್ ಗಾರ್ಡನ್ಸ್‌ನಲ್ಲಿ

ಹೋಂವರ್ಕ್ ಎಂದ ಮೇಲೆ ಮಾಡಿ ನೋಡಬೇಕಲ್ಲ. ಲೇಕ್ ಯೂನಿಯನ್ ದಂಡೆಯಲ್ಲಿ ಬೆಂಕಿ ಹಾಕುವಂತಿಲ್ಲ. ಅದಕ್ಕೆ ನಗರದವರು ಬೆಂಕಿ ಕುಣಿ ಮಾಡಿಟ್ಟಿರುವ ಗೋಲ್ಡನ್ ಗಾರ್ಡನ್ಸ್ ಬೀಚಿಗೆ ಒಂದು ಭಾನುವಾರ ಮೂರು ಕುಟುಂಬ ಸೇರಿ ಹೋದೆವು. (ಬೇಸಿಗೆಯಲ್ಲಿ ಬೆಂಕಿ ನಿಷೇಧ ಇರುವ ದಿನಗಳುಂಟು, ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಅಲ್ಲಿ ಉರಿಸಬೇಕಾದ್ದು ಒಣ ಸೌದೆ ಮಾತ್ರ. ಕುರುಳು ತಂದು ಸಂಘಕ್ಕೆ ಕೆಟ್ಟ ಹೆಸರು ತರಬೇಡಿ!) ಅಮ್ಮ ಮಡಿಸುವ ಕುರ್ಚಿಯಲ್ಲಿ ಕುಳಿತು ನಿರ್ದೇಶನ ಕೊಟ್ಟರು. ಮಗ ಈರುಳ್ಳಿ ಸುಟ್ಟ. ಸಾರು ಕುದಿಯಿತು.

ಕಾಳು ಬಸಿದ ಪಾತ್ರೆಯನ್ನು ಜೊತೆಯಲ್ಲಿ ಬಂದಿದ್ದ ಒಬ್ಬ ಸ್ನೇಹಿತೆ ಪಕ್ಕಕ್ಕೆ ಸರಿಸಿ, "ಇದನ್ನೇನು ಮಾಡೋಣ ಆಂಟಿ, ಉಪ್ಪು ಹಾಕಲಾ?" ಎಂದು ಕೇಳಿದರು.

"ಬೇಡ ಕಣಮ್ಮ, ಹಂಗೇ ಇಡು, ಎತ್ತಿಗೆ ಬೇಕು" ಎಂದುಬಿಟ್ಟರು ಅಮ್ಮ. ಹೇಳಿದ ಮೇಲೆ ತಾವೇ ಗಕ್ಕನೆ ನಿಲ್ಲಿಸಿ, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ನಾವೂ ನಕ್ಕೆವು. ಎಪ್ಪತ್ತೆಂಟು ವರ್ಷದ ಅವರ ಕಣ್ಣಲ್ಲಿ ನೀರಿತ್ತು. ಹೊಗೆಯಿಂದ ಇರಬಹುದು.

ಮಗ ತನ್ನ ಕಾರ್ಡಿನಲ್ಲಿ ಅಡಿಗೆಯ ಹೆಸರನ್ನು 'ಮುತ್ತಜ್ಜಿಯ ಎತ್ತಿನ ಸಾರು' ಎಂದು ಬರೆದ. ಸಾಮಗ್ರಿಗಳ ಪಟ್ಟಿಯ ಕೊನೆಯ ಸಾಲು ಅವನದೇ: 'ಒಂದು ಜೊತೆ ಎತ್ತು'.

ಸದಸ್ಯ ಬಂಧುಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯಲ್ಲೂ ಕಾರಣ ಗೊತ್ತಿಲ್ಲದ ಒಂದು ಅಡಿಗೆಯ ನಿಯಮ ಇದ್ದೇ ಇರುತ್ತದೆ. ಊರಿನಿಂದ ಹಿರಿಯರು ಬಂದಿದ್ದರೆ ಇವತ್ತೇ ಕೇಳಿ, ಬಂದಿಲ್ಲದಿದ್ದರೆ ಫೋನ್ ಮಾಡಿ ಕೇಳಿ. ಮೊದಲು ಹೇಳಲಿಕ್ಕಿಲ್ಲ, ಎರಡು ದಿನ ಕಾಯಿರಿ. ಸಿಕ್ಕಿದ್ದನ್ನು ಅಳತೆಯ ಜೊತೆಗೆ ಕಾರಣವನ್ನೂ ಸೇರಿಸಿ ಬರೆದು ಸಂಪಾದಕರಿಗೆ ಕಳಿಸಿ. ಹುರುಳಿ ಬೇಕಾದವರಿಗೆ ನಮ್ಮ ಮನೆಯಲ್ಲಿ ಸದಾ ಇರುತ್ತದೆ. ಬಂದು ತೆಗೆದುಕೊಂಡು ಹೋಗಬಹುದು.